ದೊರೆಗಳ ಡೈರೆಕ್ಟರಿಯಲ್ಲಿ ನಮ್ಮಜ್ಜಿ ಹುಟ್ಟಿದ ವರ್ಷ



ಹೋದ ವಾರ ಮೂಡಿಗೆರೆ ಕಡೆಯ ಹುಡುಗನೊಬ್ಬ ಇನ್‌ಬಾಕ್ಸಿಗೆ ಬಂದು ಕೇಳಿದ: "ಅಣ್ಣಾ, ಅವ್ರೆಲ್ಲ ಏಳು ತಲೆಮಾರಿನ ವಂಶಾವಳಿ ಫ್ರೇಮ್ ಹಾಕ್ಸಿ ಗೋಡೆಗೆ ಹೊಡೀತಾರೆ. ನಮ್ಗೆ ಅಜ್ಜನ ಅಪ್ಪನ ಹೆಸರೇ ಗೊತ್ತಿಲ್ವಲ್ಲ, ಎಲ್ಲಿ ಹುಡುಕೋದು?" ಅವನಿಗೆ ಬರೆಯಲು ಕೂತ ಉತ್ತರವೇ ಉದ್ದವಾಗಿ ಈ ಪೋಸ್ಟ್ ಆಯ್ತು. ಅರ್ಧಕ್ಕೆ ಬಿಡದೆ ಓದಿ.

ನಮ್ಮ ಹೆಸರು ಎಲ್ಲಿಲ್ಲವೋ ಅಲ್ಲೇ ಹುಡುಕು ಅಂತ ಅವನಿಗೆ ಹೇಳಿದೆ. ತಮಾಷೆಗೆ ಹೇಳಿದ್ದಲ್ಲ.

ಬ್ರಿಟಿಷರ ಕಾಲದಲ್ಲಿ ವರ್ಷ ವರ್ಷ ದಪ್ಪ ದಪ್ಪ ಡೈರೆಕ್ಟರಿಗಳು ಅಚ್ಚಾಗ್ತಿದ್ದವು. ಕಲ್ಕತ್ತಾದ ಥ್ಯಾಕರ್ ಕಂಪನಿ 1860ರ ದಶಕದಲ್ಲಿ ಬಂಗಾಳದ ಡೈರೆಕ್ಟರಿ ಅಂತ ಶುರು ಮಾಡಿದ್ದು, 1885ರಿಂದ ಇಡೀ ಇಂಡಿಯಾದ ಡೈರೆಕ್ಟರಿ ಆಯ್ತು. 1960ರವರೆಗೂ ನಡೀತು. ಮದ್ರಾಸಿನಲ್ಲಿ ಅಸೈಲಂ ಪ್ರೆಸ್‌ನವರು ದಕ್ಷಿಣದ ಊರುಗಳಿಗೆ ಅಂತ ಬೇರೆ ಹೊರಡಿಸ್ತಿದ್ದರು. ಅಧಿಕಾರಿಗಳು, ವ್ಯಾಪಾರಿಗಳು, ವಕೀಲರು, ಯಾವ ಊರಲ್ಲಿ ಯಾವ ಅಂಗಡಿ, ಯಾವ ಸೀಮೆಯಲ್ಲಿ ಯಾರ ತೋಟ, ಎಲ್ಲ ಅದರಲ್ಲಿದೆ. ಕಾಫಿ, ಟೀ ತೋಟಗಳಿಗೆ ಬೇರೆಯೇ ಪಟ್ಟಿ: ತೋಟದ ಹೆಸರು, ಮಾಲೀಕ, ಮ್ಯಾನೇಜರ್.

ತೋಟದಲ್ಲಿ ದುಡಿದ ನೂರಾರು ಜನ? ಒಂದಕ್ಷರ ಇಲ್ಲ. ಆ ಪುಸ್ತಕ ಮಾರಾಟಕ್ಕೆ ಮಾಡಿದ್ದು, ಕೊಳ್ಳೋರ ಮತ್ತು ಕೊಳ್ಳೋರಿಗೆ ಬೇಕಾದವರ ಹೆಸರು ಹಾಕಿದ್ದಾರೆ. ಬೆಂಗಳೂರು ದಂಡಿನಲ್ಲೂ ಹಾಗೇ. ಬಂಗಲೆಯ ಯಜಮಾನನ ಹೆಸರು ಸಿಗುತ್ತೆ, ಅಡಿಗೆಯವನದು, ಕುದುರೆ ನೋಡಿಕೊಳ್ಳೋನದು ಸಿಗಲ್ಲ. ಇನ್ನು 1931ರ ಜನಗಣತಿ. ಅದು ನಮ್ಮನ್ನ ಜಾತಿವಾರು ಎಣಿಸಿತು, ಆದರೆ ವರದಿಯಲ್ಲಿ ಅಚ್ಚಾಗಿದ್ದು ಲೆಕ್ಕ ಮಾತ್ರ.

ಹಾಗಾದ್ರೆ ಏನು ಪ್ರಯೋಜನ ಅಂತೀರಾ? ನಮ್ಮ ಮನೆಯದೇ ಹೇಳ್ತೇನೆ.

ನಮ್ಮಜ್ಜಿ ಕಾಫಿ ತೋಟದ ಲೈನಿನಲ್ಲಿ ಹುಟ್ಟಿದವಳು. ಹುಟ್ಟಿದ ವರ್ಷ ಗೊತ್ತಿರಲಿಲ್ಲ. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದಾಗ ಅಲ್ಲಿದ್ದ ಗುಮಾಸ್ತ ಮುಖ ನೋಡಿ "ಅರವತ್ತಾಗಿರಬಹುದು" ಅಂತ ಬರೆದ, ವಯಸ್ಸು ಸಾಲದು ಅಂತ ಅರ್ಜಿ ವಾಪಸ್ ಬಂತು. ನಾನೂ ಗುಮಾಸ್ತನೇ. ಆ ಕಾಲಂ ಹೇಗೆ ತುಂಬ್ತಾರೆ ಅಂತ ನನಗೆ ಗೊತ್ತು. ಅಜ್ಜಿ ಹತ್ತಿರ ಇದ್ದದ್ದು ಅವಳವ್ವ ಹೇಳಿದ ಒಂದೇ ಮಾತು: "ಹಳೇ ದೊರೆ ಹಡಗು ಹತ್ತಿ ಹೋದ, ಹೊಸ ದೊರೆ ಬಂದ, ಆ ಮಳೆಗಾಲದಾಗೆ ನೀ ಹುಟ್ಟಿದ್ದು."

ಈ ಮಾತು ಹಿಡ್ಕೊಂಡು ಡೈರೆಕ್ಟರಿ ತೆಗೆದೆ. ಮೊದಲು ಊರೇ ಸಿಗಲಿಲ್ಲ. ಯಾಕಂದ್ರೆ ಆಗ ಚಿಕ್ಕಮಗಳೂರು ಜಿಲ್ಲೆ ಅಂತಲೇ ಇರಲಿಲ್ಲ, ಅದು ಕಡೂರು ಜಿಲ್ಲೆ. 1947ರಲ್ಲಿ ಹೆಸರು ಬದಲಾಯ್ತು. ಸಕಲೇಶಪುರದ ಕಡೆಯವರು ಮಂಜರಾಬಾದ್ ಅಂತ ಹುಡುಕಬೇಕು, ಮಡಿಕೇರಿಯವರು ಮರ್ಕೇರಾ ಅಂತ, ಬಂಗಾರಪೇಟೆಯವರು ಬೌರಿಂಗ್‌ಪೇಟೆ ಅಂತ. ತೋಟದ ಹೆಸರಿನದು ಇನ್ನೊಂದು ಕಷ್ಟ. ನಮ್ಮವರು ಕರೆಯೋದು ಗುಡ್ಡದ ಹೆಸರಿನಿಂದ, ಪುಸ್ತಕದಲ್ಲಿರೋದು ದೊರೆ ಇಟ್ಟ ಇಂಗ್ಲಿಷ್ ಹೆಸರು. ಎರಡೂ ಒಂದೇ ತೋಟ ಅಂತ ಹೇಳಿದ್ದು ಅಲ್ಲೇ ರೈಟರ್ ಆಗಿದ್ದ ಒಬ್ಬ ಮುದುಕರು. ಅವರು ಇಲ್ಲದಿದ್ರೆ ನನ್ನ ಕೆಲಸ ಅಲ್ಲಿಗೇ ನಿಲ್ತಿತ್ತು.

1909ರ ಸಂಪುಟದಲ್ಲಿ ಮ್ಯಾನೇಜರ್ ಒಬ್ಬ, 1912ರದ್ದರಲ್ಲಿ ಬೇರೆಯವನು. ನಡುವಿನ ಎರಡು ಸಂಪುಟ ನನಗೆ ಸಿಕ್ಕಿಲ್ಲ. ಒಂದು ಎಚ್ಚರ ಬೇಕು: ವರ್ಷದ ಆರಂಭಕ್ಕೆ ಹೊರಬರುವ ಪುಸ್ತಕದಲ್ಲಿ ಇರೋದು ಹಿಂದಿನ ವರ್ಷದ ಮಾಹಿತಿ. ಬಿಟ್ಟುಹೋದವನ ಹೆಸರು ಹಾಗೇ ಉಳಿದುಬಿಡೋದೂ ಉಂಟು. ಅದಕ್ಕೇ ಒಂದೆರಡು ವರ್ಷ ಹಿಂದೆ ಮುಂದೆ ಬಿಟ್ಟು ಲೆಕ್ಕ ಹಾಕಬೇಕು. ಅಷ್ಟು ಬಿಟ್ಟರೂ ಅಜ್ಜಿ ಹುಟ್ಟಿದ್ದು 1907ರಿಂದ 1911ರ ಒಳಗೆ. ಅಂದರೆ 1984ರಲ್ಲಿ ಅರ್ಜಿ ವಾಪಸ್ ಬಂದಾಗ ಅವಳಿಗೆ ಕಡಿಮೆಯೆಂದರೂ ಎಪ್ಪತ್ಮೂರು.

ಅಜ್ಜಿ ಈಗಿಲ್ಲ, ಆ ಪಿಂಚಣಿ ಹೋಗಿದ್ದು ಹೋಯ್ತು. ಆದರೆ ಆ ಲೈನುಗಳಲ್ಲಿ ಇವತ್ತಿಗೂ ಸ್ವಂತ ಮನೆ ಜಾಗ ಇಲ್ಲದ ನಮ್ಮ ಜನ ಇದ್ದಾರೆ. ನಿವೇಶನ ಕೇಳಿದ ಕೂಡಲೇ "ನೀವು ಮೊನ್ನೆ ಮೊನ್ನೆ ಬಂದೋರು" ಅನ್ನೋ ಮಾತು ಬರುತ್ತೆ. ಡೈರೆಕ್ಟರಿಯ ಪುಟ ತಾಲ್ಲೂಕು ಕಚೇರಿಯಲ್ಲಿ ದಾಖಲೆಯಾಗಿ ನಡೆಯಲ್ಲ, ಆ ಭ್ರಮೆ ಬೇಡ. ಆದರೆ ನೂರು ವರ್ಷದ ಹಿಂದೆ ತೋಟ ಯಾರ ಕೈಯಲ್ಲಿತ್ತು ಅಂತ ಗೊತ್ತಾದರೆ ಯಾವ ಹಳೇ ಕಡತ ಕೇಳಬೇಕು ಅನ್ನೋದು ಗೊತ್ತಾಗುತ್ತೆ. ಕಡತದ ಹೆಸರು ಹೇಳದೆ ಹೋದರೆ ಯಾವ ಕಚೇರಿಯಲ್ಲೂ "ಸಿಗಲ್ಲ" ಅನ್ನೋದೇ ಉತ್ತರ.

ಕೊಡಗಿನ ತೋಟಗಳ ಮೂಲದವರು ಇನ್ನೊಂದು ಕಡೆ ನೋಡಬೇಕು. 1859ರ ಒಂದು ಕಾನೂನಿತ್ತು. ಮುಂಗಡ ತಗೊಂಡು ಕೆಲಸ ಬಿಟ್ಟು ಹೋದ ಕೂಲಿಯನ್ನ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದಿತ್ತು. ಮತ್ತೆ ಕೆಲಸಕ್ಕೆ ಹೋಗು ಅಂತ ಆದೇಶ, ಕೇಳದಿದ್ರೆ ಮೂರು ತಿಂಗಳವರೆಗೆ ಜೈಲು. ಅದನ್ನ ರದ್ದು ಮಾಡಿದ್ದು 1925ರಲ್ಲಿ. ಅಂಥ ಕೇಸಿನ ಕಾಗದ ಎಲ್ಲಾದ್ರೂ ಉಳಿದಿದ್ರೆ ಅದರಲ್ಲಿ ಆರೋಪಿಯ ಹೆಸರು ಇರಲೇಬೇಕು. ನೋಡಿ, ದುಡಿದಾಗ ಬರೆಯದ ಹೆಸರನ್ನ ಓಡಿಹೋದಾಗ ಬರೆದರು! ನನ್ನ ಮುತ್ತಜ್ಜ ಓಡಿಹೋಗಿದ್ರೆ ನನಗೆ ಖುಷಿಯೇ.

ತೋಟದ ಸಂಬಂಧವೇ ಇಲ್ಲದ ಊರುಗಳಲ್ಲಿ ತೋಟಿ, ತಳವಾರಿಕೆಯ ಇನಾಂ ಜಮೀನಿನ ಕಾಗದ ನೋಡಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದು. ಅದರ ಕೆಳಗೆ ಮರುಮಂಜೂರಾತಿಗೆ ಅರ್ಜಿ ಹಾಕಿದವರ ಕಡತಗಳಲ್ಲಿ ತಂದೆ, ತಾತನ ಹೆಸರು ಸಿಗುತ್ತೆ. ಹಳೇ ಶಾಲೆಯ ದಾಖಲಾತಿ ರಿಜಿಸ್ಟರನ್ನೂ ಮರೀಬೇಡಿ.

ಡೈರೆಕ್ಟರಿಯ ಕೆಲವು ಸಂಪುಟ ಇಂಟರ್ನೆಟ್ ಆರ್ಕೈವಿನಲ್ಲಿ ಬಿಟ್ಟಿ ಸಿಗುತ್ತವೆ, ಮೊಬೈಲಲ್ಲೇ ಓದಬಹುದು. ಆದರೆ ಅದಕ್ಕೂ ಮೊದಲು ಮನೆಯ ಹಿರಿಯರ ಹತ್ತಿರ ಕೂತ್ಕೊಳಿ. ತೋಟದ ಹೆಸರು, ಕರ್ಕೊಂಡು ಬಂದ ಮೇಸ್ತ್ರಿಯ ಊರು, ದೊರೆಗೆ ಇಟ್ಟಿದ್ದ ಅಡ್ಡಹೆಸರು, ಸಂತೆಗೆ ಹೋಗ್ತಿದ್ದ ಊರು, ಇಷ್ಟು ಕೇಳಿ ಬರ್ಕೊಳಿ. ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಇನ್ನೂ ಒಳ್ಳೇದು.

ಕಡೂರು ಜಿಲ್ಲೆಯ ತೋಟಗಳ ಪಟ್ಟಿ ಇರುವ ಪುಟಗಳು, ಆ ಎರಡು ವರ್ಷದವು, ನನ್ನ ಹತ್ತಿರ ಇವೆ. ಮೂಡಿಗೆರೆ, ಕೊಪ್ಪ ಕಡೆಯವರು ತೋಟದ ಹೆಸರು ಕಾಮೆಂಟಲ್ಲಿ ಹಾಕಿ, ಹುಡುಕಿ ಹೇಳ್ತೇನೆ. ಭಾನುವಾರ ಮಾತ್ರ. ಉಳಿದ ದಿನ ಕಚೇರಿ ಇದೆ.

ಜೈಭೀಮ್.