ಊರು ಬಿಟ್ಟ ತಂಡ

ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2023-24ರ ಸೀಸನ್ನಿನಲ್ಲಿ 32 ಪಂದ್ಯ ಆಡಿತು, ಗೆದ್ದದ್ದು ಮೂರು. ಬಿಗ್ ಈಸ್ಟ್ ಲೀಗಿನ 20 ಪಂದ್ಯಗಳಲ್ಲಿ ಒಂದೂ ದಕ್ಕಲಿಲ್ಲ. ಸೀಸನ್ ಮುಗಿಯುವುದಕ್ಕೆ ಮೊದಲೇ, ಜನವರಿಯಲ್ಲಿ, ಕೋಚ್ ಟೋನಿ ಸ್ಟಬಲ್‌ಫೀಲ್ಡ್ ಕೆಲಸ ಕಳೆದುಕೊಂಡರು. ಮಾರ್ಚ್‌ನಲ್ಲಿ ಕ್ರಿಸ್ ಹೋಲ್ಟ್‌ಮನ್ ಬಂದರು. ಹಂಗಾಮಿಯಾಗಿ ಕೂತವರನ್ನು ಬಿಟ್ಟು ಲೆಕ್ಕ ಹಾಕಿದರೆ 1997ರಿಂದೀಚೆಗೆ ಇದು ಏಳನೇ ನೇಮಕ. ಆ ಏಳರಲ್ಲಿ ಡೇವ್ ಲೇಟೋ ಅವರ ಹೆಸರು ಎರಡು ಸಲ ಬರುತ್ತದೆ. ಬಿಟ್ಟು ಹೋದವರನ್ನೇ ಹತ್ತು ವರ್ಷದ ಮೇಲೆ ಮತ್ತೆ ಕರೆತಂದಿದ್ದರು. ಪ್ರತಿ ಸಲವೂ ಅಭಿಮಾನಿಗಳ ಚರ್ಚೆ ಒಂದೇ ಜಾಡಿನಲ್ಲಿ ಸಾಗಿದೆ: ಹೋದವರಿಗೆ ಆಟಗಾರರನ್ನು ಕರೆತರುವ ಕಸುಬು ಗೊತ್ತಿರಲಿಲ್ಲ, ಬಂದವರಿಗೆ ಗೊತ್ತಿದೆ, ಮೂರು ವರ್ಷ ಕೊಟ್ಟು ನೋಡೋಣ. ಕೆಲವು ವರ್ಷ ಕಳೆದ ಮೇಲೆ ಮತ್ತೆ ಮೊದಲಿನಿಂದ. ಇಷ್ಟು ಜನ, ಇಷ್ಟು ಬಗೆಯವರು, ಒಬ್ಬರಾದ ಮೇಲೊಬ್ಬರು ಒಂದೇ ಕುರ್ಚಿಯಲ್ಲಿ ಕೂತು ಸೋತರೆ, ಸಂಶಯ ಪಡಬೇಕಾದ್ದು ಕೂತವರನ್ನಲ್ಲ, ಕುರ್ಚಿಯನ್ನು. ಈ ತಂಡವನ್ನು ಕೆಡಿಸಿದ್ದು ಕೋಚುಗಳಲ್ಲ. ಗೆಲ್ಲುತ್ತಿದ್ದ ದಿನಗಳಲ್ಲೇ ಅದು ತನ್ನ ಊರನ್ನು ಬಿಟ್ಟುಕೊಟ್ಟಿತು. ಆಮೇಲಿನದೆಲ್ಲ ಅದರ ಬಡ್ಡಿ.

ಅಮೆರಿಕದ ಕಾಲೇಜು ಕ್ರೀಡೆಯ ಪರಿಚಯ ಇಲ್ಲದವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಅಂತರಕಾಲೇಜು ಪಂದ್ಯ ಅಂದರೆ ಮೈದಾನದ ಅಂಚಿನಲ್ಲಿ ನಿಂತ ನಾಲ್ಕಾರು ಸಹಪಾಠಿಗಳು, ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರು. ಅಲ್ಲಿ ಅದು ಟಿಕೆಟ್ಟು, ಟಿವಿ, ಕೋಟ್ಯಂತರ ಡಾಲರಿನ ವ್ಯವಹಾರ. ಆಟಗಾರ ಪ್ರವೇಶ ಪರೀಕ್ಷೆ ಬರೆದು ತಾನಾಗಿ ಬರುವುದಿಲ್ಲ. ಕೋಚ್ ಹೈಸ್ಕೂಲು ಹೈಸ್ಕೂಲು ಸುತ್ತಿ, ಹುಡುಗನ ಮನೆಯಲ್ಲಿ ತಾಯಿತಂದೆಯರ ಎದುರು ಕೂತು, ಪೂರ್ತಿ ವಿದ್ಯಾರ್ಥಿವೇತನದ ಮಾತು ಕೊಟ್ಟು ಒಪ್ಪಿಸಿ ತರಬೇಕು. ವರ್ಷದ ದುಡಿಮೆಗೆಲ್ಲ ಬೆಲೆ ಬರುವುದು ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ, ಅಂದರೆ ಎನ್‌ಸಿಎಎ ಟೂರ್ನಿಗೆ, ಕರೆ ಬಂದರೆ. ಒಂದು ಸಲ ಸೋತರೆ ಅಲ್ಲಿಂದ ಮನೆಗೆ. ಕೋಚೇ ತಂಡದ ಮುಖ್ಯ ವ್ಯಾಪಾರಿಯಾದ ಮೇಲೆ ನಷ್ಟವಾದಾಗ ಜನ ಅವನ ಕೊರಳಪಟ್ಟಿಗೆ ಕೈಹಾಕುವುದು ಅನ್ಯಾಯವೇನಲ್ಲ. ಆದರೆ ಅವನು ಏನನ್ನು ಮಾರಬೇಕಿತ್ತು ಎಂದು ಕೇಳಿದಾಗ ಡಿಪಾಲ್‌ನ ಕಥೆ ಬೇರೆಯಾಗಿ ಕಾಣುತ್ತದೆ.

1898ರಲ್ಲಿ ವಿನ್ಸೆಂಟಿಯನ್ ಪಾದ್ರಿಗಳು ಕಟ್ಟಿದ ಈ ಕಾಲೇಜಿಗೆ ಮೊದಲಿನಿಂದಲೂ ಇದ್ದ ಆಸ್ತಿ ಒಂದೇ, ಶಿಕಾಗೊ. 1942ರಲ್ಲಿ ಕೋಚ್ ಆಗಿ ಬಂದ ರೇ ಮೇಯರ್ ಆ ಆಸ್ತಿಯ ಮೇಲೆಯೇ 42 ಸೀಸನ್ ಬದುಕಿದರು. ಅವರ ಕೈಗೆ ಸಿಕ್ಕ ಮೊದಲ ಹುಡುಗ ಜಾರ್ಜ್ ಮೈಕನ್, ಹತ್ತಿರದ ಜೋಲಿಯೆಟ್ ಪಟ್ಟಣದವನು. ಆರು ಅಡಿ ಹತ್ತು ಅಂಗುಲದ ಎತ್ತರ, ದಪ್ಪ ಕನ್ನಡಕ, ನಡಿಗೆಯೇ ತೊಡಕು. ನಾಟರ್ ಡೇಮ್ ಕಾಲೇಜು ಬೇಡವೆಂದು ಕಳಿಸಿದ್ದ ಹುಡುಗ. ಮೇಯರ್ ಅವನ ಕೈಗೆ ಹಗ್ಗ ಕೊಟ್ಟು ಸ್ಕಿಪ್ಪಿಂಗ್ ಮಾಡಿಸಿದರು, ಗಾಳಿಯಲ್ಲಿ ಮುಷ್ಟಿಯುದ್ಧ ಆಡಿಸಿದರು, ಕಾಲು ಹಗುರಾಗಲೆಂದು ನೃತ್ಯ ಕಲಿಸಿದರು. ಬುಟ್ಟಿಯ ಕೆಳಗೆ ನಿಂತು ಒಮ್ಮೆ ಬಲಗೈಯಲ್ಲಿ, ಒಮ್ಮೆ ಎಡಗೈಯಲ್ಲಿ ಚೆಂಡು ಹಾಕುವ ಅಭ್ಯಾಸವನ್ನು ಬೇಸರವಾಗುವಷ್ಟು ಮಾಡಿಸಿದರು. ಇಂದಿಗೂ ಶಾಲಾ ಮಕ್ಕಳು ಮಾಡುವ ಆ ಕಸರತ್ತಿಗೆ ಮೈಕನ್ ಡ್ರಿಲ್ ಎಂದೇ ಹೆಸರು. 1945ರಲ್ಲಿ ನ್ಯೂಯಾರ್ಕಿನ ಎನ್‌ಐಟಿ ಟೂರ್ನಿಯ ಸೆಮಿಫೈನಲ್‌ನಲ್ಲಿ ಡಿಪಾಲ್ 97, ರೋಡ್ ಐಲೆಂಡ್ ಸ್ಟೇಟ್ 53. ಅಂದು ಮೈಕನ್ ಒಬ್ಬನೇ ಹಾಕಿದ ಪಾಯಿಂಟುಗಳೂ 53, ಎದುರಾಳಿಯ ಇಡೀ ತಂಡದಷ್ಟು. ಆ ವರ್ಷ ಡಿಪಾಲ್ ಕಪ್ ಗೆದ್ದಿತು. ಕಾಲೇಜು ತನ್ನ ಅಮೆರಿಕನ್ ಫುಟ್‌ಬಾಲ್ ತಂಡವನ್ನು 1938ರಲ್ಲೇ ಕೈಬಿಟ್ಟಿದ್ದರಿಂದ ಅಭಿಮಾನವೆಲ್ಲ ಈ ಒಂದೇ ಆಟದ ಪಾಲಿಗೆ ಬಂತು. 1956ರಲ್ಲಿ ಲಿಂಕನ್ ಪಾರ್ಕ್ ಕ್ಯಾಂಪಸ್ಸಿನೊಳಗೆ ಅಲಮ್ನೈ ಹಾಲ್ ಎದ್ದು ನಿಂತಿತು. ಐದು ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಜನ ಹಿಡಿಯುವ ಆ ಹಾಲಿಗೆ ಹುಡುಗರು ಹಾಸ್ಟೆಲಿನಿಂದ ನಡೆದೇ ಬರಬಹುದಿತ್ತು, ಊರಿನವರು ಫುಲರ್ಟನ್ ನಿಲ್ದಾಣದಲ್ಲಿ ರೈಲಿಳಿದರೆ ಸಾಕಿತ್ತು.

ಎಪ್ಪತ್ತರ ದಶಕದ ಕೊನೆಗೆ ಈ ಆಸ್ತಿಗೆ ಇನ್ನೊಂದು ಕೂಡಿಕೊಂಡಿತು. ಶಿಕಾಗೊದ ಡಬ್ಲ್ಯುಜಿಎನ್ ಟಿವಿ ಕೇಂದ್ರ 1978ರಲ್ಲಿ ಉಪಗ್ರಹ ಹತ್ತಿ ದೇಶದ ಕೇಬಲ್ ಮನೆಗಳನ್ನು ತಲುಪಿದಾಗ, ಅದರ ಜೊತೆಗೆ ಡಿಪಾಲ್ ಪಂದ್ಯಗಳೂ ಹೋದವು. ಊರಿನ ತಂಡವೊಂದು ಊರಿನ ಚಾನೆಲ್ಲಿನಿಂದಲೇ ದೇಶಕ್ಕೆಲ್ಲ ಪರಿಚಯವಾಯಿತು. ಅದರ ಆಟಗಾರರೂ ಊರಿನವರೇ: ವೆಸ್ಟಿಂಗ್‌ಹೌಸ್ ಹೈಸ್ಕೂಲಿನಿಂದ ಮಾರ್ಕ್ ಅಗ್ವೈರ್ ಮತ್ತು ಸ್ಕಿಪ್ ಡಿಲರ್ಡ್, ಕಾರ್ವರ್ ಹೈಸ್ಕೂಲಿನಿಂದ ಟೆರಿ ಕಮಿಂಗ್ಸ್. 1979ರಲ್ಲಿ ತಂಡ ಕೊನೆಯ ನಾಲ್ಕರ ಹಂತಕ್ಕೇರಿ, ಲ್ಯಾರಿ ಬರ್ಡ್ ಇದ್ದ ಇಂಡಿಯಾನಾ ಸ್ಟೇಟ್ ಎದುರು 76-74ರಲ್ಲಿ ಸೋತಿತು. ಮುಂದಿನ ಮೂರು ವರ್ಷವೂ ಅದು ತನ್ನ ವಿಭಾಗದ ಅಗ್ರ ಶ್ರೇಯಾಂಕದ ತಂಡ. ಮೂರು ವರ್ಷವೂ ಟೂರ್ನಿಯ ತನ್ನ ಮೊದಲ ಪಂದ್ಯದಲ್ಲೇ ಹೊರಬಿತ್ತು. 1981ರದಂತೂ ಹಳೆಯ ಅಭಿಮಾನಿಗಳಿಗೆ ಇಂದಿಗೂ ಮಾಯದ ಗಾಯ. ಸೇಂಟ್ ಜೋಸೆಫ್ಸ್ ವಿರುದ್ಧ ಒಂದು ಪಾಯಿಂಟಿನ ಮುನ್ನಡೆ, ಉಳಿದದ್ದು ಹದಿಮೂರು ಸೆಕೆಂಡಿನ ಆಸುಪಾಸು, ಫ್ರೀ ಥ್ರೋ ಗೆರೆಯಲ್ಲಿ ಡಿಲರ್ಡ್. ಅವನ ಅಡ್ಡಹೆಸರೇ ‘ಮನಿ’, ಬ್ಯಾಂಕಿನಲ್ಲಿಟ್ಟ ದುಡ್ಡಿನಷ್ಟು ಭದ್ರ. ಚೆಂಡು ಬುಟ್ಟಿಗೆ ಬೀಳಲಿಲ್ಲ. ಎದುರಾಳಿಗಳು ಅದನ್ನು ಹಿಡಿದು ಆ ತುದಿಗೆ ಓಡಿ ಸುಲಭದ ಬುಟ್ಟಿಯೊಂದನ್ನು ಹಾಕಿ 49-48 ಮಾಡಿಬಿಟ್ಟರು. ಇಂಥ ಸೋಲುಗಳಿಂದಲೇ ತಂಡದ ಬೆನ್ನುಮೂಳೆ ಮುರಿಯಿತು ಎಂಬುದು ಒಂದು ಜನಪ್ರಿಯ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಹದಿಮೂರು ಸೆಕೆಂಡಿನ ಸೋಲು ಮನಸ್ಸು ಮುರಿಯಬಹುದು, ನಲವತ್ತು ವರ್ಷ ತಂಡವನ್ನು ಮಲಗಿಸಲಾರದು.

ಮಲಗಿಸಿದ್ದು ಆ ಗೆಲುವಿನ ದಿನಗಳಲ್ಲೇ ತೆಗೆದುಕೊಂಡ, ಅಂದು ಎಲ್ಲರಿಗೂ ಜಾಣತನವೆಂದು ಕಂಡ ಒಂದು ತೀರ್ಮಾನ. ಅಲಮ್ನೈ ಹಾಲಿನಲ್ಲಿ ಜಾಗ ಸಾಲುತ್ತಿರಲಿಲ್ಲ. 1980ರಲ್ಲಿ ತಂಡ ಓ’ಹೇರ್ ವಿಮಾನ ನಿಲ್ದಾಣದ ಬಳಿಯ ರೋಸ್‌ಮಾಂಟ್ ಹೊರೈಜನ್‌ಗೆ ಗಂಟುಮೂಟೆ ಕಟ್ಟಿತು. ಅಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಆಸನ, ಹೆದ್ದಾರಿ ಪಕ್ಕದಲ್ಲಿ, ವಿಶಾಲ ಪಾರ್ಕಿಂಗ್. ಕ್ಯಾಂಪಸ್ಸಿನಿಂದ ದೂರ ಸುಮಾರು 20 ಕಿಲೋಮೀಟರ್. ಕಾನೂನಿನ ಪ್ರಕಾರ ಅದು ಶಿಕಾಗೊ ನಗರವೂ ಅಲ್ಲ. ಜನವರಿಯ ಹಿಮದಲ್ಲಿ ವಾರದ ನಡುವಿನ ರಾತ್ರಿ ಪಂದ್ಯಕ್ಕೆ ಹಾಸ್ಟೆಲ್ ಹುಡುಗನೊಬ್ಬ ಅಲ್ಲಿಗೆ ಹೋಗಿ ಬರುವುದನ್ನು ಯೋಚಿಸಿ ನೋಡಿ. ತಂಡ ಗೆಲ್ಲುತ್ತಿದ್ದರೆ ಹೋದಾನು. ಸೋಲುವ ವರ್ಷದಲ್ಲಿ ತಂಡವನ್ನು ಜೀವಂತ ಇಡುವವನೂ ಅವನೇ, ಮೊದಲು ಕೈಬಿಡುವವನೂ ಅವನೇ. ಕಾರಿನಲ್ಲಿ ಬರುವ ಉಪನಗರದ ಪ್ರೇಕ್ಷಕ ತಮಾಷೆ ನೋಡಲು ಬಂದವನು, ತಮಾಷೆ ಮುಗಿದರೆ ಅವನಿಗೆ ಬೇರೆ ಕೆಲಸವಿದೆ.

ಇದಕ್ಕೆ ಎದುರುವಾದ ಸುಲಭ. ಮೈದಾನ ಬದಲಾದ ಮೇಲೂ ತಂಡ ಚೆನ್ನಾಗಿಯೇ ಆಡಿತಲ್ಲ? ನಿಜ. 1984ರಲ್ಲಿ 724 ಗೆಲುವುಗಳೊಂದಿಗೆ ರೇ ಮೇಯರ್ ನಿವೃತ್ತರಾದ ಮೇಲೆ ಅವರ ಮಗ ಜೋಯಿ ಬಂದು ತಂಡವನ್ನು ಏಳು ಸಲ ರಾಷ್ಟ್ರೀಯ ಟೂರ್ನಿಗೆ ಕೊಂಡೊಯ್ದರು. 1987ರಲ್ಲಿ 28 ಗೆಲುವು, ಬರೀ ಮೂರು ಸೋಲು. ಆದರೆ ಇದು ತಂದೆಯ ಕಾಲದ ಹೆಸರು ಕರಗುವ ತನಕ ಸಿಕ್ಕ ವಾಯಿದೆ. 1992ರ ನಂತರ ಜೋಯಿ ತಂಡಕ್ಕೆ ಮಾರ್ಚ್ ಕರೆ ಬರಲಿಲ್ಲ, 1997ರಲ್ಲಿ 23 ಪಂದ್ಯ ಸೋತು ಅವರು ಹೊರನಡೆದರು. ಅಲ್ಲಿಂದ 2025ರವರೆಗೆ ಡಿಪಾಲ್ ಆ ಟೂರ್ನಿಯನ್ನು ಕಂಡದ್ದು ಎರಡೇ ಸಲ, 2000 ಮತ್ತು 2004ರಲ್ಲಿ. ಇನ್ನೂ ಗಟ್ಟಿಯಾದ ಎದುರುವಾದ ಒಂದಿದೆ. ರೇ ಮೇಯರ್ ಮನೆಗೆ ಹೋದ 1984ರ ಬೇಸಿಗೆಯಲ್ಲೇ ಊರಿನ ವೃತ್ತಿಪರ ತಂಡ ಶಿಕಾಗೊ ಬುಲ್ಸ್ ಮೈಕೆಲ್ ಜಾರ್ಡನ್‌ನನ್ನು ಆರಿಸಿಕೊಂಡಿತು. ಅಂಥವನು ಊರಲ್ಲಿ ಆಡುವಾಗ ಕಾಲೇಜು ಹುಡುಗರನ್ನು ಯಾರು ನೋಡುತ್ತಾರೆ? ಈ ಮಾತಿನಲ್ಲಿ ಸತ್ಯ ಬಹಳವಿದೆ. ಆದರೆ ಬುಲ್ಸ್ ಕಿತ್ತುಕೊಳ್ಳಬಹುದಾಗಿದ್ದು ದೊಡ್ಡ ಹೆಸರನ್ನು ಅರಸಿ ಕಾರಿನಲ್ಲಿ ಬರುವವರನ್ನು. ತರಗತಿ ಮುಗಿಸಿ ನಡೆದು ಬರುವವರು ಇನ್ನೂ ಇದ್ದಿದ್ದರೆ, ಅವರನ್ನು ಜಾರ್ಡನ್‌ನೂ ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಡಿಪಾಲ್ ಆ ಹೊತ್ತಿಗೆ ಮೊದಲನೆಯವರನ್ನೇ ನಂಬಿಕೊಂಡು ಕೂತಿತ್ತು.

ಟಿವಿಯ ಕಥೆಯೂ ಹೀಗೇ ತಿರುಗಿತು. ಕ್ರೀಡಾ ಚಾನೆಲ್ ಇಎಸ್‌ಪಿಎನ್ ಮತ್ತು ಬಿಗ್ ಈಸ್ಟ್ ಲೀಗ್ ಎರಡೂ ಹುಟ್ಟಿದ್ದು 1979ರಲ್ಲಿ. ಪೂರ್ವ ಕರಾವಳಿಯ ಕೆಲವು ಕಾಲೇಜುಗಳು ಗುಂಪುಗೂಡಿ ತಮ್ಮ ಪಂದ್ಯಗಳನ್ನು ಒಟ್ಟಾಗಿ ಮಾರಲು ಹೊರಟಾಗ, ಯಾವ ಲೀಗಿಗೂ ಸೇರದೆ ಒಂಟಿಯಾಗಿ ಆಡುತ್ತಿದ್ದ ಡಿಪಾಲ್‌ಗೆ ಡಬ್ಲ್ಯುಜಿಎನ್ ಇದ್ದೇ ಇದೆಯೆಂಬ ಧೈರ್ಯ. ಹತ್ತು ವರ್ಷದಲ್ಲಿ ಪ್ರತಿ ಕಾಲೇಜೂ ದೇಶದ ಟಿವಿಯಲ್ಲಿ ಕಾಣತೊಡಗಿದ ಮೇಲೆ ಆ ಧೈರ್ಯಕ್ಕೆ ಬೆಲೆ ಉಳಿಯಲಿಲ್ಲ. ಮೊದಲ ಲೀಗು ಸೇರಿದ್ದು 1991ರಲ್ಲಿ, ಮತ್ತೊಂದು 1995ರಲ್ಲಿ, ಬಿಗ್ ಈಸ್ಟ್ 2005ರಲ್ಲಿ. ಕೊನೆಯದು ಅತ್ಯಂತ ಪ್ರತಿಷ್ಠೆಯದು, ಅತ್ಯಂತ ನೋವಿನದೂ ಹೌದು. 2008-09ರಲ್ಲಿ ಲೀಗಿನ 18 ಪಂದ್ಯಗಳಲ್ಲಿ 18 ಸೋಲು. ಆ ವರ್ಷಗಳಲ್ಲಿ ಶಿಕಾಗೊ ಹುಡುಗರು ಬೇರೆ ದಾರಿ ಹಿಡಿದರು. ಡ್ವೇನ್ ವೇಡ್ ಮಾರ್ಕೆಟ್ ವಿಶ್ವವಿದ್ಯಾಲಯಕ್ಕೆ, ಡೆರಿಕ್ ರೋಸ್ ಮೆಂಫಿಸ್‌ಗೆ, ಆಂಥನಿ ಡೇವಿಸ್ ಕೆಂಟಕಿಗೆ, ಜಬಾರಿ ಪಾರ್ಕರ್ ಡ್ಯೂಕ್‌ಗೆ. ಇವರಲ್ಲಿ ಒಬ್ಬನನ್ನಾದರೂ ತಡೆದಿದ್ದರೆ ಎಂದು ಅಭಿಮಾನಿಗಳು ಹಲುಬುವುದು ಸಹಜ. ಮೇಯರ್ ಕಾಲದಲ್ಲೂ ಎಲ್ಲರೂ ಉಳಿಯುತ್ತಿರಲಿಲ್ಲ, ಐಸಾಯಾ ಥಾಮಸ್ 1979ರಲ್ಲೇ ಇಂಡಿಯಾನಾಕ್ಕೆ ಹೋಗಿದ್ದ. ಆದರೆ ಅಂದು ಹೋದವನ ಹಿಂದೆ ಉಳಿದವರಿದ್ದರು. ತನ್ನ ಬೀದಿಯ ಯಾರೂ ನೋಡಲು ಹೋಗದ ಅಂಕಣದಲ್ಲಿ ಆಡು ಎಂದು ಹದಿನೇಳರ ಹುಡುಗನಿಗೆ ಯಾವ ಕೋಚ್ ತಾನೆ ಹೇಗೆ ಹೇಳಿಯಾನು?

ಮಾರ್ಕೆಟ್ ಹೆಸರು ಬಂದದ್ದರಿಂದ ಅದನ್ನೂ ನೋಡಿಬಿಡಬೇಕು, ಏಕೆಂದರೆ ನನ್ನ ವಾದಕ್ಕೆ ಅದೇ ದೊಡ್ಡ ತೊಡಕು. ಮಿಲ್ವಾಕಿಯ ಆ ಕಾಲೇಜೂ ಕ್ಯಾಥೊಲಿಕ್, ಅದಕ್ಕೂ ಫುಟ್‌ಬಾಲ್ ಇಲ್ಲ, ಅದೂ ಆಡುವುದು ವೃತ್ತಿಪರ ತಂಡದ ದೊಡ್ಡ ಅರೀನಾದಲ್ಲಿ. ಆದರೂ ಅದು ವೇಡ್‌ನ ಜೊತೆ 2003ರಲ್ಲಿ ಕೊನೆಯ ನಾಲ್ಕಕ್ಕೆ ಹೋಯಿತು, ಆಮೇಲೂ ಬಹುಕಾಲ ಗಟ್ಟಿಯಾಗಿ ನಿಂತಿತು. ಹಾಗಿದ್ದರೆ ಮೈದಾನದ ಮಾತು ಸುಳ್ಳೆ? ನಡುವೆ ಒಂದು ವ್ಯತ್ಯಾಸವಿದೆ. ಮಾರ್ಕೆಟ್‌ನ ಅರೀನಾ ಊರ ನಡುವೆಯೇ ಇದೆ, ಕ್ಯಾಂಪಸ್ಸಿನಿಂದ ನಡೆದು ಹೋಗುವಷ್ಟು. ಬಾಡಿಗೆಯ ಮನೆಯಾದರೂ ಊರಲ್ಲೇ ಇರುವ ಮನೆ. ಶಿಕಾಗೊದ ಒಳಗೇ ಇನ್ನೊಂದು ಸಾಕ್ಷಿ ಸಿಗುತ್ತದೆ: ಡಿಪಾಲ್‌ಗಿಂತ ಚಿಕ್ಕದಾದ ಲೊಯೊಲಾ ತನ್ನ ಕ್ಯಾಂಪಸ್ಸಿನ ಪುಟ್ಟ ಅರೀನಾದಲ್ಲಿ ಆಡುತ್ತಲೇ 2018ರಲ್ಲಿ ಕೊನೆಯ ನಾಲ್ಕು ತಲುಪಿತು. ಇವೆಲ್ಲಕ್ಕಿಂತ ಹತ್ತಿರದ ಸಾಕ್ಷಿ ಡಿಪಾಲ್‌ನ ಮಹಿಳಾ ತಂಡ. ಅದೇ ವಿಶ್ವವಿದ್ಯಾಲಯ, ಅದೇ ಲೀಗು, ಅದೇ ಶಿಕಾಗೊ. ರೇ ಮೇಯರ್ ಕೈಕೆಳಗೆ ಆಡಿದ್ದ ಡಗ್ ಬ್ರೂನೊ ದಶಕಗಳ ಕಾಲ ಕೋಚ್ ಆಗಿದ್ದು ಅದನ್ನು ಇಪ್ಪತ್ತಕ್ಕೂ ಹೆಚ್ಚು ಸಲ ರಾಷ್ಟ್ರೀಯ ಟೂರ್ನಿಗೆ ಕೊಂಡೊಯ್ದರು, ಕ್ಯಾಂಪಸ್ಸಿನ ಮೆಗ್ರಾತ್-ಫಿಲಿಪ್ಸ್ ಅಂಕಣವನ್ನೇ ಮನೆ ಮಾಡಿಕೊಂಡು. ಮಹಿಳೆಯರ ಆಟದ ಹಣಕಾಸು ಬೇರೆ, ಪೈಪೋಟಿ ಬೇರೆ, ಒಳ್ಳೆಯ ಕೋಚ್ ಒಬ್ಬರು ಅಷ್ಟು ವರ್ಷ ನಿಂತದ್ದೂ ಸಣ್ಣ ಮಾತಲ್ಲ, ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಅಷ್ಟು ವರ್ಷ ನಿಲ್ಲಲು ಅವರಿಗೆ ನೆಲವಿತ್ತು. ಪುರುಷರ ತಂಡದ ಕೋಚುಗಳಿಗೆ ಕೆಲವೇ ವರ್ಷದ ಗಡುವು, ವಿಮಾನ ನಿಲ್ದಾಣದ ಪಕ್ಕದ ಖಾಲಿ ಕುರ್ಚಿಗಳು.

ಆಡಳಿತಕ್ಕೂ ಇದು ಅರಿವಾಗದೆ ಇರಲಿಲ್ಲ. 2017ರಲ್ಲಿ ತಂಡ ಮೆಕಾರ್ಮಿಕ್ ಪ್ಲೇಸ್ ಸಮಾವೇಶ ಕೇಂದ್ರದ ಬಳಿಯ ವಿಂಟ್ರಸ್ಟ್ ಅರೀನಾಕ್ಕೆ ಬಂತು. ಸುಮಾರು ಹತ್ತು ಸಾವಿರ ಆಸನ, ಖರ್ಚಿನಲ್ಲಿ ಸಾರ್ವಜನಿಕ ಹಣದ ಪಾಲೂ ಇತ್ತು. ಆ ಯೋಜನೆ ಪ್ರಕಟವಾದ 2013ರಲ್ಲೇ ನಗರ ಸುಮಾರು ಐವತ್ತು ಸರ್ಕಾರಿ ಶಾಲೆಗಳನ್ನು ಮುಚ್ಚುತ್ತಿತ್ತು, ಆದ್ದರಿಂದ ಊರಿಗೆ ಮರಳುವ ತಂಡಕ್ಕೆ ಊರು ಕೊಟ್ಟ ಸ್ವಾಗತ ಅಷ್ಟೇನೂ ಸಿಹಿಯಾಗಿರಲಿಲ್ಲ. ಶಿಕಾಗೊದೊಳಕ್ಕೇನೋ ಬಂದರು, ಆದರೆ ಲಿಂಕನ್ ಪಾರ್ಕ್‌ಗೆ ಬರಲಿಲ್ಲ, ಸಮಾವೇಶ ಕೇಂದ್ರದ ಮಗ್ಗುಲಿಗೆ ಬಂದರು.

ಈಗ ಅಭಿಮಾನಿಗಳ ವಾಗ್ವಾದ ಹಣದ ಕಡೆ ಹೊರಳಿದೆ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ದುಡಿಯಬಹುದು, ಹಿಂದಿನಂತೆ ಒಂದು ವರ್ಷ ಕಾಯದೆ ಕಾಲೇಜು ಬದಲಿಸಬಹುದು. 2025ರ ನ್ಯಾಯಾಲಯದ ಒಪ್ಪಂದದ ಮೇಲೆ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡಬಹುದು. ಹೋಲ್ಟ್‌ಮನ್ ತಮ್ಮ ಮೊದಲ ಸೀಸನ್ನಿನಲ್ಲಿ ಬಹುಪಾಲು ಹೊಸ ತಂಡ ಕಟ್ಟಿ 14 ಪಂದ್ಯ ಗೆದ್ದರು, 20 ಸೋತರು. ಲೀಗ್ ಟೂರ್ನಿಯಲ್ಲಿ ಜಾರ್ಜ್‌ಟೌನ್ ಅನ್ನು ಮಣಿಸಿ, ಕ್ರೇಟನ್ ಎದುರು ಎರಡು ಹೆಚ್ಚುವರಿ ಅವಧಿಯ ತನಕ ಎಳೆದಾಡಿದರು. ಇನ್ನು ಊರಿನ ಹುಡುಗರೇ ಬೇಕಿಲ್ಲ, ದುಡ್ಡಿದ್ದರೆ ಒಂದೇ ಬೇಸಿಗೆಯಲ್ಲಿ ತಂಡ ಸಿಗುತ್ತದೆ ಎನ್ನುವವರ ಮಾತು ಹಾಗಾಗಿ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಕೊಂಡ ತಂಡವೂ ಮಾರ್ಚ್ ತಲುಪಬಹುದು, ಬೇಗನೇ ತಲುಪಬಹುದು. ಆದರೆ ಕೊಂಡುಕೊಳ್ಳುವ ಪೈಪೋಟಿಯಲ್ಲಿ ಫುಟ್‌ಬಾಲಿನ ಆದಾಯವಿರುವ ಕಾಲೇಜುಗಳ ಜೇಬು ಯಾವಾಗಲೂ ದೊಡ್ಡದು, ಡಿಪಾಲ್ ಆ ಆಟವನ್ನು ಬಿಟ್ಟು ಶತಮಾನ ಸಮೀಪಿಸುತ್ತಿದೆ. ಹಣ ಕಡಿಮೆ ಬಿದ್ದ ವರ್ಷ ಅದು ಯಾವ ಕಾರಣ ಹೇಳಿ ಹುಡುಗನೊಬ್ಬನನ್ನು ಉಳಿಸಿಕೊಂಡೀತು ಎನ್ನುವ ಪ್ರಶ್ನೆಗೆ ಮೇಯರ್ ಬಳಿ ಉತ್ತರವಿತ್ತು. ಹೋಲ್ಟ್‌ಮನ್ ಅವರಿಗೆ ಅಂಥ ಉತ್ತರವನ್ನು ವಿಶ್ವವಿದ್ಯಾಲಯ ಇನ್ನೂ ಕೊಟ್ಟಿಲ್ಲ. ಅಭಿಮಾನಿಗಳು ಕೋಚ್‌ನನ್ನು ಬಿಟ್ಟು ಆಡಳಿತ ಮಂಡಳಿಯನ್ನು ಕೇಳಬೇಕಾದ್ದು ಅದನ್ನೇ.