ಕಾಯ್ದೆ ಬಂತು, ಕೆಲಸ ಹುಟ್ಟಿತು

‘ಪರಿಸರ ವಿಜ್ಞಾನ ಓದಿದ್ರ ನೌಕರಿ ಸಿಗ್ತದೇನ್ರಿ?’ ತೆಲಸಂಗದಂಥ ಊರಿನ ಮನೆಗಳಲ್ಲಿ ಏಳುವ ಈ ಪ್ರಶ್ನೆಗೆ ಇತಿಹಾಸದಲ್ಲೇ ಉತ್ತರ ಇದೆ.

1974ರಲ್ಲಿ ಜಲಮಾಲಿನ್ಯ ತಡೆ ಕಾಯ್ದೆ ಬಂತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಶುರುವಾಯ್ತು. ಕಾಯ್ದೆ ಅಂದಮೇಲೆ ನೀರಿನ ಮಾದರಿ ಪರೀಕ್ಷಿಸುವವರು, ಕೊಳೆನೀರು ಶುದ್ಧೀಕರಣ ಘಟಕ ನಡೆಸುವವರು ಬೇಕಲ್ಲ! 1939ರಲ್ಲೇ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದ ಈ ಕಬ್ಬಿನ ಸೀಮೆಗೆ ಇದು ದೂರದ ಮಾತಲ್ಲ. 1994ರಲ್ಲಿ ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮ ವರದಿ ಕಡ್ಡಾಯವಾಯ್ತು. ವರದಿ ಬರೆಯುವವರಿಗೂ ಕೆಲಸ ಬಂತು.

1991ರಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಕಡ್ಡಾಯ ಮಾಡಲು ಹೇಳಿತು. ಪದವಿಯ ಪರಿಸರ ಪೇಪರ್ ಬಂದದ್ದು ಹಾಗೆ. ಆದರೆ ಆ ಒಂದು ಪೇಪರ್ ನೌಕರಿ ಕೊಡಲ್ಲ. ಬಿಎಸ್ಸಿಯಲ್ಲಿ ರಸಾಯನಶಾಸ್ತ್ರವೋ ಜೀವಶಾಸ್ತ್ರವೋ ಗಟ್ಟಿ ಮಾಡಿಕೊಂಡು ಎಂಎಸ್ಸಿ ಮಾಡಬೇಕು, ಇಲ್ಲವೇ ಎಂಜಿನಿಯರಿಂಗ್ ಕಡೆ ಹೋಗಬೇಕು. ಹುದ್ದೆಗೆ ಯಾವ ಪದವಿ ಕೇಳ್ತಾರೆ ಅಂತ ಅಧಿಸೂಚನೆ ನೋಡಿಯೇ ಸೀಟು ಹಿಡೀರಿ.

ಅಥಣಿ ತಾಲ್ಲೂಕನ್ನೇ ನೋಡ್ರಿ. 2019ರಲ್ಲಿ ಕೃಷ್ಣೆಯ ದಂಡೆಗೆ ಮಹಾಪೂರ, ತೆಲಸಂಗದ ಕಡೆ ಮಳೆ ನಂಬಿದ ಒಣಭೂಮಿ. ಎರಡನ್ನೂ ಕಂಡು ಬೆಳೆದವರು ಈ ಓದಿಗೆ ಬರಬೇಕು.