ಮಾದರಿ ವಿಶ್ವಸಂಸ್ಥೆ: ಮಹಿಳಾ ಹಕ್ಕುಗಳ ಚರ್ಚೆಗೆ ಬಳ್ಳಾರಿ ಸೀಮೆಯ ಸಾಕ್ಷ್ಯ

ತೋರಣಗಲ್ಲು: ವಿಶ್ವಸಂಸ್ಥೆಯ ಸಮಿತಿಗಳ ಕಲಾಪವನ್ನು ವಿದ್ಯಾರ್ಥಿಗಳೇ ನಡೆಸುವ ಅಣಕು ಅಧಿವೇಶನಕ್ಕೆ ‘ಮಾದರಿ ವಿಶ್ವಸಂಸ್ಥೆ’ ಎಂದು ಹೆಸರು. ಶಾಲೆಗಳಲ್ಲಿ ರೂಢಿಯಲ್ಲಿರುವ ಅಣಕು ಸಂಸತ್ತಿನ ಅಂತರರಾಷ್ಟ್ರೀಯ ರೂಪವಿದು. ಇಲ್ಲಿ ಪದೇ ಪದೇ ಚರ್ಚೆಗೆ ಬರುವ ವಿಷಯಗಳಲ್ಲಿ ಮಹಿಳಾ ಹಕ್ಕುಗಳು ಪ್ರಮುಖವಾಗಿವೆ. ಬಾಲ್ಯವಿವಾಹ, ಮಹಿಳೆಯರ ಮೇಲಿನ ದೌರ್ಜನ್ಯ, ಶಿಕ್ಷಣ, ಸಮಾನ ವೇತನ ಮತ್ತು ರಾಜಕೀಯ ಪ್ರಾತಿನಿಧ್ಯ ಇವುಗಳಲ್ಲಿ ಸೇರುತ್ತವೆ. ತೋರಣಗಲ್ಲು, ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದ ವಿದ್ಯಾರ್ಥಿಗೆ ಈ ಚರ್ಚೆಯ ಸಾಮಗ್ರಿ ನ್ಯೂಯಾರ್ಕಿನಲ್ಲಿ ಮಾತ್ರವಲ್ಲ, ತನ್ನ ಜಿಲ್ಲೆಯ ಚರಿತ್ರೆಯಲ್ಲೂ ದೊರೆಯುತ್ತದೆ.

ಕಲಾಪದ ಕ್ರಮ

ಪ್ರತಿ ವಿದ್ಯಾರ್ಥಿಗೆ ಒಂದು ದೇಶವನ್ನು ಹಂಚಲಾಗುತ್ತದೆ. ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು ಆ ದೇಶದ ಅಧಿಕೃತ ನಿಲುವನ್ನು ಮಂಡಿಸುವುದು ನಿಯಮ. ಇದಕ್ಕಾಗಿ ಮುಂಚಿತವಾಗಿ ನಿಲುವು ಪತ್ರವೊಂದನ್ನು ಸಿದ್ಧಪಡಿಸಬೇಕು. ಹಾಜರಿ, ಭಾಷಣಕಾರರ ಪಟ್ಟಿ, ವಿಷಯಾವಾರು ಚರ್ಚೆ ಮುಗಿದ ಬಳಿಕ ಸಮಾನ ಮನಸ್ಕ ದೇಶಗಳು ಆಸನ ಬಿಟ್ಟು ಸೇರಿ ಕರಡು ನಿರ್ಣಯ ರಚಿಸುತ್ತವೆ. ತಿದ್ದುಪಡಿಗಳ ನಂತರ ಅದನ್ನು ಮತಕ್ಕೆ ಹಾಕಲಾಗುತ್ತದೆ. ನಿಯಮ ಮೀರಿದಾಗ ಎತ್ತುವ ಆಕ್ಷೇಪವು ನಮ್ಮ ವಿಧಾನಮಂಡಲದಲ್ಲಿ ಬಳಕೆಯಲ್ಲಿರುವ ಕ್ರಿಯಾಲೋಪವೇ ಆಗಿದೆ. ಈ ಸಮ್ಮೇಳನಗಳು ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತವಾದರೂ ಕಲಾಪಕ್ಕೆ ಬೇಕಾದ ಪರಿಭಾಷೆ ಕನ್ನಡದಲ್ಲಿ ಸಿದ್ಧವಾಗಿದೆ.

ಯಾವ ವೇದಿಕೆ?

ಮಹಿಳಾ ವಿಷಯಗಳು ಸಾಮಾನ್ಯವಾಗಿ 45 ಸದಸ್ಯ ರಾಷ್ಟ್ರಗಳ ಮಹಿಳಾ ಸ್ಥಾನಮಾನ ಆಯೋಗ, 47 ಸದಸ್ಯರ ಮಾನವ ಹಕ್ಕುಗಳ ಮಂಡಳಿ ಅಥವಾ ಮಹಾಸಭೆಯ ಮೂರನೇ ಸಮಿತಿಯ ಮಾದರಿಯಲ್ಲಿ ಚರ್ಚೆಯಾಗುತ್ತವೆ. ಆಯೋಗ ಸ್ಥಾಪನೆಯಾದದ್ದು 1946ರಲ್ಲಿ. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ (1948) ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ಬದಲಿಸಲು ಕಾರಣರಾದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಕರಡಿನ ಒಂದು ಪದಕ್ಕಾಗಿ ವಾದಿಸುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವಿರಳ.

ಚರ್ಚೆಯ ಮೂಲ ದಾಖಲೆಗಳು ಎರಡು. 1995ರ ಬೀಜಿಂಗ್ ಸಮ್ಮೇಳನದ ಕಾರ್ಯಸೂಚಿ 12 ಆತಂಕದ ಕ್ಷೇತ್ರಗಳನ್ನು ಗುರುತಿಸಿದೆ. 1979ರಲ್ಲಿ ಮಹಾಸಭೆ ಅಂಗೀಕರಿಸಿದ, ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಣಾ ಒಡಂಬಡಿಕೆ ಇನ್ನೊಂದು. ಅಮೆರಿಕ 1980ರಲ್ಲಿ ಒಡಂಬಡಿಕೆಗೆ ಸಹಿ ಹಾಕಿದರೂ ಅದನ್ನು ಸ್ಥಿರೀಕರಿಸಲಿಲ್ಲ.

ಭಾರತದ ಆಸನದ ಇಕ್ಕಟ್ಟು

ಭಾರತ 1993ರ ಜುಲೈ 9ರಂದು ಈ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಆದರೆ ಎರಡು ಘೋಷಣೆಗಳನ್ನು ಲಗತ್ತಿಸಿತು. ಯಾವುದೇ ಸಮುದಾಯದ ಖಾಸಗಿ ವಿಚಾರಗಳಲ್ಲಿ ಆ ಸಮುದಾಯದ ಉಪಕ್ರಮ ಮತ್ತು ಸಮ್ಮತಿಯಿಲ್ಲದೆ ಹಸ್ತಕ್ಷೇಪ ಮಾಡುವುದಿಲ್ಲ ಎಂಬುದು ಮೊದಲನೆಯದು. ವಿವಾಹದ ಕಡ್ಡಾಯ ನೋಂದಣಿಯನ್ನು ತಾತ್ವಿಕವಾಗಿ ಒಪ್ಪಿದರೂ, ವಿಶಾಲವಾದ ಹಾಗೂ ವೈವಿಧ್ಯಮಯ ಆಚಾರ, ಧರ್ಮ, ಸಾಕ್ಷರತೆಯ ಮಟ್ಟವುಳ್ಳ ದೇಶದಲ್ಲಿ ಅದು ಕಾರ್ಯಸಾಧ್ಯವಲ್ಲ ಎಂಬುದು ಎರಡನೆಯದು.

ಭಾರತವನ್ನು ಪ್ರತಿನಿಧಿಸುವ ವಿದ್ಯಾರ್ಥಿ ಈ ನಿಲುವನ್ನು ಸಮರ್ಥಿಸಬೇಕು. ಎದುರು ಪಕ್ಷದ ಪ್ರತಿನಿಧಿಗೆ ಅದನ್ನು ಪ್ರಶ್ನಿಸುವ ಅವಕಾಶವಿದೆ. ಇಬ್ಬರಿಗೂ ಬೇಕಾದ ಪುರಾವೆ ಕರ್ನಾಟಕದ ಕಾನೂನು ಪುಸ್ತಕದಲ್ಲಿದೆ. ವಿವಾಹ ನೋಂದಣಿಗೆ ಕರ್ನಾಟಕ 1976ರಲ್ಲಿಯೇ ಕಾಯ್ದೆ ರೂಪಿಸಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ಸೀಮಾ ಪ್ರಕರಣದಲ್ಲಿ ನೋಂದಣಿಯನ್ನು ಕಡ್ಡಾಯಗೊಳಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿತು.

ಬಾಲ್ಯವಿವಾಹದ ವಿಷಯದಲ್ಲೂ ರಾಜ್ಯ ಕೇಂದ್ರಕ್ಕಿಂತ ಮುಂದೆ ಹೋಯಿತು. 2006ರ ಕೇಂದ್ರ ಕಾಯ್ದೆಯಡಿ ಇಂಥ ಮದುವೆಯನ್ನು ರದ್ದುಪಡಿಸಲು ಸಾಮಾನ್ಯವಾಗಿ ಬಾಧಿತರೇ ನ್ಯಾಯಾಲಯದ ಮೊರೆ ಹೋಗಬೇಕು. 2016ರ ಕರ್ನಾಟಕ ತಿದ್ದುಪಡಿ ಅದನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದೊಳಗಿನ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 21.4ರಷ್ಟಿತ್ತು. ಕಾಯ್ದೆ ಬಿಗಿಯಾದರೂ ಅಂಕಿ ಕದಲಲಿಲ್ಲ ಎಂಬುದು ಗಮನಾರ್ಹ.

ದೇವದಾಸಿ ಪದ್ಧತಿ

ಹಸ್ತಕ್ಷೇಪ ಸಲ್ಲದೆಂಬ ವಾದಕ್ಕೆ ಬಳ್ಳಾರಿ ಸೀಮೆಯ ಚರಿತ್ರೆಯೇ ಉತ್ತರ. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ದೀರ್ಘ ಹೋರಾಟದ ಫಲವಾಗಿ ಮದ್ರಾಸ್ ಶಾಸಕಾಂಗ 1947ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದಾಗ ಹೊಸಪೇಟೆ, ಕಂಪ್ಲಿಗಳನ್ನೊಳಗೊಂಡ ಬಳ್ಳಾರಿ ಜಿಲ್ಲೆ ಅದೇ ಪ್ರಾಂತ್ಯದಲ್ಲಿತ್ತು. ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ವಿಲೀನಗೊಂಡಿತು. 1953ರ ಅಕ್ಟೋಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಕರ್ನಾಟಕದ ಪ್ರತ್ಯೇಕ ನಿಷೇಧ ಕಾಯ್ದೆ 1982ರದು.

ಆದರೂ ರಾಜ್ಯ ಸರ್ಕಾರದ 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಲಾಯಿತು. ಹೀಗೆ ಮುಡಿಪಾದವರಲ್ಲಿ ಹೆಚ್ಚಿನವರು ದಲಿತ ಸಮುದಾಯದವರು. 2007ರಲ್ಲಿ ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿ ಭಾರತದ ವರದಿಯನ್ನು ಪರಿಶೀಲಿಸುವಾಗ ಈ ಪದ್ಧತಿಯನ್ನು ಪ್ರಸ್ತಾಪಿಸಿತು. ಹೀಗಾಗಿ ಅಣಕು ಸಭೆಯಲ್ಲಿ ಇನ್ನೊಂದು ದೇಶದ ಪ್ರತಿನಿಧಿ ಈ ವಿಷಯವನ್ನೆತ್ತಿದರೆ ಅದು ಕಲ್ಪಿತ ಆರೋಪವಾಗುವುದಿಲ್ಲ.

ಹೇಳಿಕೊಳ್ಳಬಹುದಾದ ಸಾಧನೆ

ಭಾರತದ ಪ್ರತಿನಿಧಿಯ ಕೈಯಲ್ಲಿ ಬಲವಾದ ಉತ್ತರವೂ ಇದೆ. ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ 25ರ ಮೀಸಲಾತಿಯನ್ನು ಕರ್ನಾಟಕ 1983ರ ಕಾಯ್ದೆಯಲ್ಲಿಯೇ ಕಲ್ಪಿಸಿತ್ತು. ಸಂಡೂರಿನ ಎಂ.ವೈ. ಘೋರ್ಪಡೆ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ 1993ರ ಪಂಚಾಯತ್ ರಾಜ್ ಕಾಯ್ದೆ ಜಾರಿಗೆ ಬಂದು ಮೀಸಲಾತಿ ಮೂರನೇ ಒಂದರಷ್ಟಾಯಿತು. 2010ರಲ್ಲಿ ಅದು ಶೇ 50ಕ್ಕೇರಿತು.

ನಿರ್ಣಯ ಬರೆಯುವಾಗ

ಅಣಕು ಸಭೆಯ ನಿರ್ಣಯಗಳಲ್ಲಿ ‘ಕಾನೂನು ರೂಪಿಸಬೇಕು’, ‘ಜಾಗೃತಿ ಮೂಡಿಸಬೇಕು’ ಎಂಬ ಸಾಲುಗಳು ಸಾಮಾನ್ಯ. ಬಳ್ಳಾರಿ ಸೀಮೆಯಲ್ಲಿ ಕಾನೂನಿಗೆ ಕೊರತೆಯಿರಲಿಲ್ಲ. ದೂರು ಸ್ವೀಕರಿಸುವವರು ಯಾರು, ಬಾಲಕಿಯನ್ನು ಶಾಲೆಯಲ್ಲಿ ಉಳಿಸುವ ಹೊಣೆ ಯಾರದು, ಪದ್ಧತಿಯಿಂದ ಹೊರಬಂದ ಮಹಿಳೆಗೆ ಜಮೀನು, ಮನೆ, ಪಿಂಚಣಿಗೆ ಹಣ ಎಲ್ಲಿಂದ, ಪ್ರಗತಿಯನ್ನು ಎಷ್ಟು ವರ್ಷಕ್ಕೊಮ್ಮೆ ಅಳೆಯಬೇಕು ಎಂಬುದನ್ನು ಕರಡಿನಲ್ಲಿಯೇ ನಮೂದಿಸಬೇಕೆಂಬುದು ಈ ಅನುಭವ ಕಲಿಸುವ ಪಾಠ.